ಬೂದಿಯ ಮೇಲೆ ಬಿತ್ತಿದ ಹುಲ್ಲು

1870ರ ದಶಕದಲ್ಲಿ ನ್ಯೂಜಿಲೆಂಡಿನ ಟಾರನಾಕಿ ಸೀಮೆಯ ಬಡ ರೈತನ ಕೈಗೆ ರೊಕ್ಕ ಬರುತ್ತಿದ್ದುದು ಹಾಲಿನಿಂದಲ್ಲ, ಕೊಳೆಯುವ ಮರದಿಂದ. ಕಾಡು ಕಡಿದು ಬೆಂಕಿ ಕೊಟ್ಟ ಜಾಗದಲ್ಲಿ ಅರೆಬೆಂದ ದಿಮ್ಮಿಗಳು ವರ್ಷಗಟ್ಟಲೆ ಬಿದ್ದಿರುತ್ತಿದ್ದವು. ಮಳೆ ಬಿದ್ದು ಅವು ನೆನೆದಂತೆಲ್ಲ ಮೈತುಂಬ ಕಿವಿಯಾಕಾರದ, ಮುಟ್ಟಿದರೆ ರಬ್ಬರಿನಂತಿರುವ ಕಂದು ಅಣಬೆ ಏಳುತ್ತಿತ್ತು. ನ್ಯೂ ಪ್ಲಿಮತ್ ಪಟ್ಟಣದಲ್ಲಿ ಅಂಗಡಿ ಇಟ್ಟಿದ್ದ ಚ್ಯೂ ಚಾಂಗ್ ಎಂಬ ಚೀನೀ ವ್ಯಾಪಾರಿ ಅದನ್ನು ಕಂಡ ಕೂಡಲೇ ಗುರುತು ಹಿಡಿದ. ಅವನ ಊರಿನಲ್ಲಿ ಅದು ಸಾರಿಗೂ ಔಷಧಿಗೂ ಬೇಕಾದ ಪದಾರ್ಥ. ಒಣಗಿಸಿ ತಂದವರಿಗೆ ಕೈಮೇಲೆ ನಗದು ಎಣಿಸುತ್ತೇನೆಂದು ಸಾರಿದ. ಹೆಂಗಸರು, ಮಕ್ಕಳು ಚೀಲ ಹಿಡಿದು ದಿಮ್ಮಿಗಳ ಮೇಲೆ ಹತ್ತಿಳಿದರು. ಕಂದಾಯ ಕಟ್ಟುವುದಕ್ಕೆ, ಹಸು ಕೊಳ್ಳುವುದಕ್ಕೆ ಎಷ್ಟೋ ಮನೆಗಳಿಗೆ ದುಡ್ಡು ಹುಟ್ಟಿದ್ದು ಈ ಅಣಬೆಯಿಂದ. ಚ್ಯೂ ಚಾಂಗ್ ತಾನು ಗಳಿಸಿದ್ದನ್ನು ಅಲ್ಲಿಯೇ ಹೂಡಿ, 1887ರಲ್ಲಿ ಎಲ್ಥಮ್ ಎಂಬ ಊರಿನಲ್ಲಿ ಬೆಣ್ಣೆ ಕಾರ್ಖಾನೆ ತೆರೆದ. ವಿಕ್ಟೋರಿಯಾ ರಾಣಿಯ ಪಟ್ಟದ 50ನೇ ವರ್ಷವಾದ್ದರಿಂದ ಅದಕ್ಕೆ ‘ಜೂಬಿಲಿ’ ಎಂದು ಹೆಸರು. ಮುಂದೆ ರೈತರೇ ಸಹಕಾರ ಸಂಘ ಕಟ್ಟಿಕೊಂಡು ಅವನನ್ನು ಪಕ್ಕಕ್ಕೆ ಸರಿಸಿದ್ದು ಬೇರೆ ಮಾತು.

ಇಂದು ಹಾಲಿನ ಪುಡಿಯನ್ನು ಲೋಕಕ್ಕೆಲ್ಲ ಮಾರುವ ಆ ದೇಶದ ಹುಲ್ಲುಗಾವಲನ್ನು ಚಿತ್ರಗಳಲ್ಲಿ ನೋಡಿದವರಿಗೆ ಅದು ಸೃಷ್ಟಿಯ ಮೊದಲ ದಿನದಿಂದಲೂ ಹಾಗೆಯೇ ಹಸಿರಾಗಿತ್ತೇನೋ ಅನ್ನಿಸುತ್ತದೆ. ವಾಸ್ತವದಲ್ಲಿ ಆ ಹುಲ್ಲೂ ಹೊರಗಿನದು, ಅದರ ಜೊತೆಗಿರುವ ಕ್ಲೋವರ್ ಎಂಬ ಮೇವಿನ ಗಿಡವೂ ಹೊರಗಿನದು, ಮೇಯುವ ಹಸುವೂ ಹೊರಗಿನದು. ಕೊನೆಗೆ ಕ್ಲೋವರಿನ ಹೂವಿಗೆ ಪರಾಗಸ್ಪರ್ಶ ಮಾಡುವ ಜೀವವೂ ಹೊರಗಿನದೇ. ಕೆಂಪು ಕ್ಲೋವರ್ ಬೀಜ ಕಟ್ಟುತ್ತಿಲ್ಲವೆಂದು 1885ರಲ್ಲಿ ಇಂಗ್ಲೆಂಡಿನಿಂದ ಹೆಜ್ಜೇನಿನಷ್ಟು ದಪ್ಪದ, ಮೈತುಂಬ ರೋಮವಿರುವ ಬಂಬಲ್ ಜೇನುಗಳನ್ನು ಹಡಗಿನ ತಂಪು ಕೋಣೆಯಲ್ಲಿ ನಿದ್ದೆಗೆ ಹಾಕಿ ತಂದರು. ಕ್ಯಾಂಟರ್‌ಬರಿಯಲ್ಲಿ ಬಿಟ್ಟ ಮೇಲೆ ಅವು ದೇಶ ತುಂಬಿದವು.

ಈ ಕಥೆಯ ನಾಯಕ ರೈಗ್ರಾಸ್. ಹೆಸರಿನಲ್ಲಿ ರೈ ಇದ್ದರೂ ರೈ ಧಾನ್ಯ ಬೇರೆ, ಇದು ಬೇರೆ. ಇಂಗ್ಲೆಂಡಿನಲ್ಲಿ 17ನೇ ಶತಮಾನದಲ್ಲೇ ಮೇವಿಗಾಗಿ ಬಿತ್ತುತ್ತಿದ್ದ ಹುಲ್ಲು. ಬೇಗ ಮೊಳೆಯುತ್ತದೆ, ಬುಡದಿಂದ ದಟ್ಟವಾಗಿ ತೆಂಡೆ ಒಡೆಯುತ್ತದೆ, ಹಸು ಕಚ್ಚಿದಷ್ಟೂ ಚಿಗುರುತ್ತದೆ, ಹಾಲು ಕೊಡುವ ದನಕ್ಕೆ ಬೇಕಾದ ಸಕ್ಕರೆಯಂಶವೂ ಸಸಾರಜನಕವೂ ಅದರಲ್ಲಿವೆ. ಒಮ್ಮೆ ಬಿತ್ತಿದರೆ ವರ್ಷಗಟ್ಟಲೆ ಇರುವ ಜಾತಿಗೆ ಸಸ್ಯಶಾಸ್ತ್ರಜ್ಞರು ಬಹುವಾರ್ಷಿಕ ಎಂದರು. ರೈತರು ‘ಖಾಯಂ ಹುಲ್ಲುಗಾವಲು’ ಎಂದರು. ಆ ‘ಖಾಯಂ’ ಎಂಬ ಪದವನ್ನೇ ಸ್ವಲ್ಪ ಅನುಮಾನದಿಂದ ನೋಡಬೇಕಾಗಿದೆ. ಆ ದೇಶದಲ್ಲಿ ರೈಗ್ರಾಸ್ ಯಾವ ಕಾಲದಲ್ಲೂ ತನ್ನ ಸ್ವಂತ ಬಲದಿಂದ ನಿಂತದ್ದಲ್ಲ. ಒಂದೊಂದು ಕಾಲದಲ್ಲಿ ಒಂದೊಂದು ಊರೆಗೋಲು ಅದನ್ನು ಹಿಡಿದು ನಿಲ್ಲಿಸಿತ್ತು.

ಮೊದಲನೆಯ ಊರೆಗೋಲು ಬೂದಿ. ಬೇಸಿಗೆಯ ಕೊನೆಯಲ್ಲಿ ಕಾಡಿಗೆ ಬೆಂಕಿ, ಬೂದಿ ಆರಿದ ಮೇಲೆ ಕೈಯಿಂದ ಎರಚಿದ ಬೀಜ. ನಮ್ಮ ಮಲೆನಾಡಿನ ಕುಮರಿ ಬೇಸಾಯ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಕುಮರಿಯವರು ಎರಡು ಮೂರು ವರ್ಷಕ್ಕೆ ಜಾಗ ಬಿಟ್ಟು ಕಾಡಿಗೇ ಮರಳಿಸುತ್ತಿದ್ದರು. ನ್ಯೂಜಿಲೆಂಡಿನಲ್ಲಿ ಹಾಗಾಗಲಿಲ್ಲ. ಬೂದಿಯ ಸಾರ ಇರುವವರೆಗೆ ಹುಲ್ಲು ಸೊಕ್ಕಿ ಬೆಳೆಯಿತು, ಸಾರ ತೀರಿದ ಮೇಲೆ ಜರೀಗಿಡ, ಮುಳ್ಳು, ಪೊದೆ ತಲೆಯೆತ್ತಿದವು. ಗುಡ್ಡಗಾಡಿನ ಎಷ್ಟೋ ಹಿಡುವಳಿಗಳನ್ನು ಬಿಟ್ಟೇ ಹೋದರು. ಹುಲ್ಲು ಕ್ಷೀಣಿಸುವ ದೂರು ಆ ದೇಶದಲ್ಲಿ ಹುಲ್ಲಿನಷ್ಟೇ ಹಳೆಯದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಇಂದು ಹೈನಿಗೆ ಹೆಸರಾದ ವೈಕಾಟೊ ಬಯಲು ಯಾರೂ ಇಲ್ಲದೆ ಬಿದ್ದಿದ್ದ ಭೂಮಿಯಾಗಿರಲಿಲ್ಲ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳು ಗೋಧಿ ಬೆಳೆದು, ಹಿಟ್ಟು ಬೀಸಿ, ಆಕ್ಲೆಂಡಿನ ಪೇಟೆಗೆ ಮಾರುತ್ತಿದ್ದರು. 1863ರಲ್ಲಿ ವಸಾಹತು ಸರ್ಕಾರ ದಂಡೆತ್ತಿ ಹೋಗಿ, ಯುದ್ಧ ಮುಗಿದ ಮೇಲೆ ಸುಮಾರು 12 ಲಕ್ಷ ಎಕರೆಯನ್ನು ಮುಟ್ಟುಗೋಲು ಹಾಕಿಕೊಂಡಿತು. ಅದಕ್ಕೆ ಕ್ಷಮೆ ಕೇಳುವ ಕಾಯಿದೆಗೆ ಎಲಿಜಬೆತ್ ರಾಣಿ ಖುದ್ದಾಗಿ ಸಹಿ ಹಾಕಿದ್ದು 1995ರಲ್ಲಿ. ರೈಗ್ರಾಸಿನ ಬೇರು ಇಳಿದಿರುವುದು ಈ ಮಣ್ಣಿಗೆ.

1882ರ ಫೆಬ್ರವರಿಯಲ್ಲಿ ‘ಡನೀಡಿನ್’ ಎಂಬ ಹಡಗು ಹೆಪ್ಪುಗಟ್ಟಿಸಿದ ಮಾಂಸ ಹೊತ್ತು ನ್ಯೂಜಿಲೆಂಡಿನ ಪೋರ್ಟ್ ಚಾಮರ್ಸಿನಿಂದ ಹೊರಟು 98 ದಿನಕ್ಕೆ ಲಂಡನ್ ಮುಟ್ಟಿತು. ಕೆಡುವ ಸರಕನ್ನು ಭೂಮಿಯ ಆ ತುದಿಗೂ ಸಾಗಿಸಬಹುದೆಂದು ಗೊತ್ತಾದ ಮೇಲೆ ಬೆಣ್ಣೆ, ಗಿಣ್ಣುಗಳಿಗೆ ಮಿತಿಯಿಲ್ಲದ ಮಾರುಕಟ್ಟೆ ತೆರೆಯಿತು. ಹುಲ್ಲು ಬೇಕು, ಇನ್ನೂ ಬೇಕು, ವರ್ಷವಿಡೀ ಬೇಕು.

ಆಗ ಬೀಜದ ಪ್ರಶ್ನೆ ಬಂತು. ಅಂಗಡಿಯಲ್ಲಿ ಕೊಂಡ ರೈಗ್ರಾಸ್ ಬೀಜ ಒಬ್ಬನ ಹೊಲದಲ್ಲಿ ಹತ್ತಾರು ವರ್ಷ ನಿಂತರೆ ಇನ್ನೊಬ್ಬನ ಹೊಲದಲ್ಲಿ ಎರಡನೇ ಬೇಸಿಗೆಗೆ ಮಾಯವಾಗುತ್ತಿತ್ತು. ಬ್ರೂಸ್ ಲೆವಿ ಎಂಬ ಹುಲ್ಲುಗಾವಲು ತಜ್ಞ 1920ರ ದಶಕದಲ್ಲಿ ಊರೂರಿನ ಬೀಜ ತರಿಸಿ ಅಕ್ಕಪಕ್ಕ ಬಿತ್ತಿ ನೋಡಿದಾಗ, ಒಂದೇ ಹೆಸರಿನಲ್ಲಿ ಹತ್ತು ಬಗೆಯ ಹುಲ್ಲು ಮಾರಾಟವಾಗುತ್ತಿರುವುದು ಕಂಡಿತು. ಉತ್ತರ ದ್ವೀಪದ ಪೂರ್ವ ಕರಾವಳಿಯ ಹಾಕ್ಸ್ ಬೇ ಮತ್ತು ಪಾವರ್ಟಿ ಬೇ ಸೀಮೆಗಳ ಹಳೆಯ ಹುಲ್ಲುಗಾವಲುಗಳಿಂದ ಬಂದ ಬೀಜ ಮಾತ್ರ ಗಟ್ಟಿಯಾಗಿ ನಿಂತಿತು. ಕುರಿಗಳು ದಶಕಗಳ ಕಾಲ ಮೇದು, ಬರ ಬಂದು, ಹುಳ ತಿಂದು, ಉಳಿದದ್ದು ಮಾತ್ರ ಉಳಿದ ಹುಲ್ಲು ಅದು. ಆ ದಶಕದ ಕೊನೆಗೆ ಸರ್ಕಾರ ಬೀಜ ಪ್ರಮಾಣೀಕರಣ ಆರಂಭಿಸಿತು. ಪ್ರಯೋಗಾಲಯಕ್ಕಿಂತ ಹಳೆಯ ಹೊಲವೇ ಒಳ್ಳೆಯ ತಳಿ ತಜ್ಞ ಎಂಬುದು ಆ ದೇಶದ ಅನುಭವ. ಮುಂದೆ ಜನಪ್ರಿಯವಾದ ‘ನುಯಿ’ ಮತ್ತು ‘ಎಲೆಟ್’ ತಳಿಗಳು ಕೂಡ ಆಕ್ಲೆಂಡಿನ ಪಕ್ಕದ ಮಾಂಗೆರೆಯ ಒಂದು ಹಳೆಯ ಹೈನು ಹೊಲದಲ್ಲಿ ಸಿಕ್ಕ ಹುಲ್ಲಿನ ಸಂತಾನ.

ಎರಡನೆಯ ಊರೆಗೋಲು ರಂಜಕ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ಪೆಸಿಫಿಕ್ ಸಾಗರದ ನೌರು ಎಂಬ ಪುಟ್ಟ ದ್ವೀಪದ ರಂಜಕದ ಶಿಲೆಯನ್ನು ತಮ್ಮದಾಗಿಸಿಕೊಂಡವು. ಅದನ್ನು ಅಗೆದು ತಂದು ಸೂಪರ್ ಫಾಸ್ಫೇಟ್ ಮಾಡಿ ಹುಲ್ಲಿಗೆ ಎರಚಿದರು. ರಂಜಕ ಸಿಕ್ಕಿದ ಕೂಡಲೇ ಬಿಳಿ ಕ್ಲೋವರ್ ಹುಲುಸಾಯಿತು. ಅದು ದ್ವಿದಳ ಗಿಡ, ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿಯುತ್ತದೆ. ಆ ಸಾರಜನಕ ಉಂಡು ರೈಗ್ರಾಸ್ ಬೆಳೆಯಿತು. ರಾಗಿಯ ಸಾಲಿನ ನಡುವೆ ಅವರೆ ಹಾಕುವ ನಮ್ಮವರ ಲೆಕ್ಕವೇ ಇದು. ಎರಡನೇ ಮಹಾಯುದ್ಧದ ನಂತರ, 1940ರ ದಶಕದ ಕೊನೆಗೆ, ವಿಮಾನದಿಂದಲೇ ಗುಡ್ಡಗಳ ಮೇಲೆ ಗೊಬ್ಬರ ಸುರಿಯುವ ಪದ್ಧತಿ ಆರಂಭವಾಯಿತು. ಇತ್ತ ಹಸಿರು ಏರಿದಂತೆ ಅತ್ತ ನೌರುವಿನ ಒಡಲು ಬರಿದಾಯಿತು. ಆ ದ್ವೀಪದ ಸುಮಾರು ಐದರಲ್ಲಿ ನಾಲ್ಕು ಪಾಲು ಇಂದು ಮೊನಚು ಕಲ್ಲುಗಳ ಪಾಳುಭೂಮಿ.

ಹೈನಿನ ಪಂಚಾಂಗವೇ ಈ ಹುಲ್ಲಿನ ಸುತ್ತ ಕಟ್ಟಿಕೊಂಡಿತು. ಅಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೇಸಿಗೆ, ಜೂನ್ ಜುಲೈಗೆ ಚಳಿ. ಚಳಿಗಾಲದ ಕೊನೆಗೆ ಮಂದೆಯ ಹಸುಗಳೆಲ್ಲ ಒಟ್ಟಿಗೆ ಕರು ಹಾಕುವಂತೆ ನೋಡಿಕೊಳ್ಳುತ್ತಾರೆ. ಹಸುವಿನ ಕೆಚ್ಚಲು ತುಂಬುವ ಹೊತ್ತಿಗೆ ಸರಿಯಾಗಿ ವಸಂತದ ಹುಲ್ಲು ಉಕ್ಕಬೇಕು. ಕೊಟ್ಟಿಗೆ ಇಲ್ಲ, ಕಣಜದ ಮೇವಿಲ್ಲ, ವಿದ್ಯುತ್ ತಂತಿಯ ಬೇಲಿ ಸರಿಸಿ ಇವತ್ತು ಈ ಮಡಿ, ನಾಳೆ ಆ ಮಡಿ. ಹ್ಯಾಮಿಲ್ಟನ್ ಪಕ್ಕದ ರುವಾಕುರಾ ಸಂಶೋಧನಾ ಕೇಂದ್ರದ ಮುಖ್ಯಸ್ಥ ಮೆಕ್‌ಮೀಕನ್ 1950ರ ದಶಕದಲ್ಲಿ ಸಾರಿದ ಮಂತ್ರವೂ ಇದೇ: ಎಕರೆಗೆ ಹೆಚ್ಚು ದನ ಹಾಕಿ, ಬೆಳೆದ ಹುಲ್ಲನ್ನೆಲ್ಲ ಹಾಲಾಗಿಸಿ. ಲೋಕದಲ್ಲೇ ಅತಿ ಅಗ್ಗದ ಹಾಲು ಹೀಗೆ ಹುಟ್ಟಿತು. ಲೆಕ್ಕ ಚೆನ್ನಾಗಿತ್ತು, ಆದರೆ ಹುಲ್ಲಿಗೆ ಉಸಿರಾಡಲು ಅದರಲ್ಲಿ ಹೆಚ್ಚು ಜಾಗವಿರಲಿಲ್ಲ.

ಹುಲ್ಲು ಬದುಕುವುದು ಹೇಗೆಂಬುದನ್ನು ಇಲ್ಲಿ ತುಸು ನಿಂತು ನೋಡಬೇಕು. ರೈಗ್ರಾಸಿನ ಒಂದು ತೆಂಡೆಯಲ್ಲಿ ಒಂದು ಸಲಕ್ಕೆ ಬದುಕಿರುವುದು ಮೂರೇ ಎಲೆ. ನಾಲ್ಕನೆಯದು ಬಂದರೆ ಮೊದಲನೆಯದು ಸಾಯುತ್ತದೆ. ಹಸು ಎಲೆ ಕಚ್ಚಿಕೊಂಡು ಹೋದ ಮೇಲೆ ಗಿಡ ತನ್ನ ಬುಡದ ಮೂರು ನಾಲ್ಕು ಬೆರಳಿನಷ್ಟು ಕೂಳೆಯಲ್ಲಿ ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡಿ ಮೊದಲ ಎಲೆ ಹೊರಡಿಸುತ್ತದೆ. ಎರಡು ಮೂರು ಎಲೆ ಬಂದ ಮೇಲೆ ಸಕ್ಕರೆಯ ಗಂಟು ಮತ್ತೆ ತುಂಬುತ್ತದೆ. ತುಂಬುವ ಮೊದಲೇ ಮತ್ತೆ ಕಚ್ಚಿದರೆ, ಅಥವಾ ಕೂಳೆಯನ್ನೇ ನೆಲಮಟ್ಟಕ್ಕೆ ಮೇದರೆ, ಗಿಡ ದಿವಾಳಿ. ಇನ್ನೊಂದು ಸೂಕ್ಷ್ಮವಿದೆ. ತೆಂಡೆಯ ಆಯುಷ್ಯ ಒಂದು ವರ್ಷ ದಾಟುವುದು ಅಪರೂಪ, ತೆನೆ ಬಿಟ್ಟ ತೆಂಡೆಯಂತೂ ಅಲ್ಲಿಗೆ ಮುಗಿಯಿತು. ಅದರ ಬುಡದಲ್ಲಿ ಬೇಸಿಗೆಯ ಹೊತ್ತಿಗೆ ಹುಟ್ಟುವ ಮರಿ ತೆಂಡೆಯೇ ವಂಶ ಮುಂದುವರಿಸಬೇಕು. ಬಹುವಾರ್ಷಿಕ ಎಂದರೆ ಸಾಯದ ಗಿಡವೆಂದಲ್ಲ. ಪ್ರತಿ ವರ್ಷ ಸತ್ತು, ಪ್ರತಿ ವರ್ಷ ತನ್ನ ಬುಡದಲ್ಲೇ ಮತ್ತೆ ಹುಟ್ಟುವ ಗಿಡ. ಆ ಮರುಹುಟ್ಟು ಬರುವುದು ಬೇಸಿಗೆಯ ಬಾಗಿಲಲ್ಲಿ.

ಆ ಬೇಸಿಗೆಯೇ ಈಗ ಬದಲಾಗಿರುವುದು. ರೈಗ್ರಾಸಿಗೆ ಹಿತವಾದ ಉಷ್ಣತೆ 18ರಿಂದ 20 ಡಿಗ್ರಿ. 25 ದಾಟಿದರೆ ಬೆಳವಣಿಗೆ ಕುಗ್ಗುತ್ತದೆ, 30ರ ಆಸುಪಾಸಿನಲ್ಲಿ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಬೇರುಗಳಲ್ಲಿ ಬಹುಪಾಲು ಮೇಲಿನ ಒಂದು ಗೇಣು ಮಣ್ಣಿನಲ್ಲೇ ಹರಡಿರುವುದರಿಂದ ಆಳದ ತೇವ ಅದಕ್ಕೆ ಎಟುಕದು. ನ್ಯೂಜಿಲೆಂಡಿನ ಸರಾಸರಿ ಉಷ್ಣತೆ ಕಳೆದೊಂದು ಶತಮಾನದಲ್ಲಿ ಏರಿರುವುದು ಸುಮಾರು ಒಂದು ಡಿಗ್ರಿ. ಕಲಬುರಗಿಯ ಬಿಸಿಲಿನಲ್ಲಿ ಬೆಳೆದವರಿಗೆ ಒಂದು ಡಿಗ್ರಿ ಎಂದರೆ ನಗು ಬಂದೀತು. ಆದರೆ ಸಹಿಸುವ ಅಂಚಿನಲ್ಲೇ ನಿಂತ ಗಿಡಕ್ಕೆ ಸರಾಸರಿಗಿಂತ ಮುಖ್ಯವಾದದ್ದು ಮಳೆಯಿಲ್ಲದ ಆ ಕೆಲವು ವಾರಗಳು.

2007ರ ಕೊನೆಯಿಂದ 2008ರ ಶರತ್ಕಾಲದವರೆಗೆ ವೈಕಾಟೊದಲ್ಲಿ ಅಂಥ ವಾರಗಳು ಸಾಲುಗಟ್ಟಿ ಬಂದವು. ಆ ಬರದಿಂದ ದೇಶಕ್ಕಾದ ನಷ್ಟವನ್ನು 280 ಕೋಟಿ ನ್ಯೂಜಿಲೆಂಡ್ ಡಾಲರ್ ಎಂದು ಅಂದಾಜು ಮಾಡಿದರು. ಮಳೆ ಬಂದ ಮೇಲೆ ಎಂದಿನಂತೆ ಹಸಿರು ಮರಳೀತೆಂದು ಕಾದ ರೈತರಿಗೆ ಕಂಡದ್ದು ಬೋಳು ನೆಲ, ಅದರ ನಡುವೆ ಅಲ್ಲಲ್ಲಿ ಕಳೆ. ಹಸುಗಳು ಹುಲ್ಲಿಗೆ ಬಾಯಿ ಹಾಕಿದರೆ ಬೇರು ಸಮೇತ ಕಿತ್ತು ಬರುತ್ತಿತ್ತು. ಸಾಲ ಮಾಡಿ ಮತ್ತೆ ಬಿತ್ತಿದ ಹೊಸ ತಳಿಯೂ ಮೂರು ನಾಲ್ಕು ವರ್ಷದಲ್ಲಿ ತೆಳುವಾಯಿತು. ‘ಅಜ್ಜನ ಕಾಲದ ಹುಲ್ಲು ನಲವತ್ತು ವರ್ಷ ಇತ್ತು, ಇವರು ಮಾರುವ ಬೀಜವೇ ಖೋಟಾ’ ಎಂಬ ಧಾಟಿಯ ಮಾತು ಹೈನು ಸೀಮೆಯಲ್ಲೆಲ್ಲ ಹಬ್ಬಿತು. ಗದ್ದಲ ಎಷ್ಟಾಯಿತೆಂದರೆ 2011ರಲ್ಲಿ ಹ್ಯಾಮಿಲ್ಟನ್ನಿನಲ್ಲಿ ಹುಲ್ಲು ಏಕೆ ಉಳಿಯುತ್ತಿಲ್ಲ ಎಂಬ ಒಂದೇ ವಿಷಯಕ್ಕೆ ವಿಜ್ಞಾನಿಗಳ ವಿಚಾರ ಸಂಕಿರಣವೇ ನಡೆಯಿತು. 2013ರ ಮಾರ್ಚಿನಲ್ಲಿ ಇಡೀ ಉತ್ತರ ದ್ವೀಪವನ್ನೇ ಬರಪೀಡಿತವೆಂದು ಸಾರಬೇಕಾಯಿತು.

ಬಿಸಿಲೊಂದೇ ಅಪರಾಧಿಯಾಗಿದ್ದರೆ ಕಥೆ ಸರಳವಾಗುತ್ತಿತ್ತು. ಈ ಹುಲ್ಲಿನ ಮೂರನೆಯ ಊರೆಗೋಲು ಕಣ್ಣಿಗೇ ಕಾಣದಂಥದ್ದು. ರೈಗ್ರಾಸಿನ ಎಲೆಬುಡದ ಜೀವಕೋಶಗಳ ಸಂದಿಯಲ್ಲಿ, ಗಿಡಕ್ಕೆ ಯಾವ ರೋಗವನ್ನೂ ತರದೆ, ಒಂದು ಶಿಲೀಂಧ್ರ ಎಳೆಎಳೆಯಾಗಿ ವಾಸವಾಗಿರುತ್ತದೆ. ತಾಯಿಯಿಂದ ಮಗುವಿಗೆ ಬಂದಂತೆ ಬೀಜದ ಮೂಲಕವೇ ಮುಂದಿನ ಪೀಳಿಗೆಗೆ ದಾಟುತ್ತದೆ. ನ್ಯೂಜಿಲೆಂಡಿನ ಶಿಲೀಂಧ್ರ ತಜ್ಞ ನೀಲ್ 1940ರಲ್ಲೇ ಇದನ್ನು ವಿವರಿಸಿದ್ದ. ಆಮೇಲೆ ನಲವತ್ತು ವರ್ಷ ಅದರ ಗೋಜಿಗೆ ಹೋದವರು ಕಡಿಮೆ.

ಈ ನಡುವೆ ಕುರಿ, ದನಗಳಿಗೆ ಬೇಸಿಗೆಯಲ್ಲಿ ಒಂದು ವಿಚಿತ್ರ ಕಾಯಿಲೆ ಬರುತ್ತಿತ್ತು. ಸುಮ್ಮನೆ ನಿಂತಿದ್ದಾಗ ಏನೂ ಇಲ್ಲ, ಓಡಿಸಿದರೆ ಸಾಕು, ಹೆಂಡ ಕುಡಿದವರಂತೆ ತತ್ತರಿಸಿ ಬೀಳುತ್ತಿದ್ದವು. 1981ರಲ್ಲಿ ಫ್ಲೆಚರ್ ಮತ್ತು ಹಾರ್ವಿ ಎಂಬ ಸಂಶೋಧಕರು ಈ ರೋಗಕ್ಕೆ ಹುಲ್ಲಿನೊಳಗಿನ ಶಿಲೀಂಧ್ರವೇ ಕಾರಣವೆಂದು ತೋರಿಸಿದರು. ಹಾಗಾದರೆ ಶಿಲೀಂಧ್ರವಿಲ್ಲದ ಬೀಜ ಬಿತ್ತಿದರಾಯಿತು ಎಂಬ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಮರುವರ್ಷವೇ ಪ್ರೆಸ್ಟಿಜ್ ಮತ್ತು ಸಂಗಡಿಗರು ಇನ್ನೊಂದು ಮಗ್ಗುಲನ್ನು ಹೊರಗೆಡವಿದರು. ಶಿಲೀಂಧ್ರವಿಲ್ಲದ ಹುಲ್ಲನ್ನು ಅರ್ಜೆಂಟೀನಾದ ಕಾಂಡ ಕೊರೆಯುವ ಮೂತಿಹುಳು ನುಣ್ಣಗೆ ಮುಗಿಸುತ್ತಿತ್ತು. ದನವನ್ನು ತತ್ತರಿಸುವಂತೆ ಮಾಡುವ ಬಾಡಿಗೆದಾರನೇ ಮನೆಗೆ ಕಾವಲುಗಾರನೂ ಆಗಿದ್ದ. ಹಾಕ್ಸ್ ಬೇ, ಮಾಂಗೆರೆಗಳ ಹಳೆಯ ಹುಲ್ಲು ದಶಕಗಟ್ಟಲೆ ನಿಂತದ್ದರ ಗುಟ್ಟಿನಲ್ಲಿ ಒಂದು ಪಾಲು ಇದೇ ಇರಬೇಕು. ತಳಿ ತಜ್ಞರು ಹುಲ್ಲು ಆರಿಸುತ್ತಿದ್ದೇವೆಂದುಕೊಂಡರು, ಜೊತೆಗೆ ತಮಗರಿವಿಲ್ಲದೆ ಶಿಲೀಂಧ್ರವನ್ನೂ ಆರಿಸುತ್ತಿದ್ದರು.

ಮುಂದೆ ಯುರೋಪಿನ ಕಾಡುರೈಗ್ರಾಸುಗಳನ್ನು ಜಾಲಾಡಿ, ಹುಳುವಿಗೆ ಮಾತ್ರ ಕಹಿಯಾದ ಶಿಲೀಂಧ್ರಗಳನ್ನು ಹುಡುಕಿ ಬೀಜಕ್ಕೆ ಸೇರಿಸಿದರು. 2001ರ ಹೊತ್ತಿಗೆ ‘ಎಆರ್1’ ಬಂತು. ದನಕ್ಕೆ ಪೂರಾ ನಿರಪಾಯ, ಮೂತಿಹುಳುವಿಗೆ ಗುದ್ದು. ರೈತರು ಮುಗಿಬಿದ್ದು ಕೊಂಡರು. ಆದರೆ ಬಿಸಿಲು ಹೆಚ್ಚಾದ ಉತ್ತರದಲ್ಲಿ ಇನ್ನೊಬ್ಬ ಶತ್ರು ಕಾದಿದ್ದ, ಆಫ್ರಿಕಾ ಮೂಲದ ಕರಿದುಂಬಿ. ಅದರ ಮರಿ ನಮ್ಮ ಕಬ್ಬು, ಅಡಿಕೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಗೊಣ್ಣೆಹುಳುವಿನಂತೆಯೇ ಮಣ್ಣಿನೊಳಗೆ ಕೂತು ಬೇರು ತಿನ್ನುತ್ತದೆ. ವಸಂತ ಬೆಚ್ಚಗಿದ್ದ ವರ್ಷ ಅದರ ಸಂತಾನ ಏರುತ್ತದೆ. ಎಆರ್1 ಅದರ ಮುಂದೆ ದುರ್ಬಲ. 2008ರಲ್ಲಿ ಬರ, ಗೊಣ್ಣೆಹುಳು, ಹಸಿದ ಹಸು ಮೂರೂ ಒಂದೇ ಬೇರಿನ ಮೇಲೆ ಬಿದ್ದವು. ಅಷ್ಟರಲ್ಲಿ ಬಂದಿದ್ದ ‘ಎಆರ್37’ ಕರಿದುಂಬಿಯನ್ನೂ ತಡೆಯುತ್ತಿತ್ತು, ಕುರಿಗಳಿಗೆ ಒಮ್ಮೊಮ್ಮೆ ತತ್ತರ ತರುವುದೊಂದು ಕೊರತೆ. ರೈತ ಈಗ ಹುಲ್ಲಿನ ತಳಿಯ ಹೆಸರಿಗಿಂತ ಮೊದಲು ಅದರೊಳಗಿನ ಬಾಡಿಗೆದಾರನ ಹೆಸರು ಕೇಳುತ್ತಾನೆ.

ಮೂತಿಹುಳುವಿನ ಕಥೆಗೂ ಒಂದು ತಿರುವಿದೆ. ಅದನ್ನು ಹಿಡಿತಕ್ಕೆ ತರಲು 1991ರಲ್ಲಿ ದಕ್ಷಿಣ ಅಮೆರಿಕದಿಂದ ಒಂದು ಪರಾವಲಂಬಿ ಕಣಜವನ್ನು ತಂದು ಬಿಟ್ಟರು. ಆರಂಭದಲ್ಲಿ ಅದ್ಭುತ ಯಶಸ್ಸು. ವರ್ಷಗಳು ಕಳೆದಂತೆ ಕಣಜದ ಕೈ ಸೋಲತೊಡಗಿತು. ಕಣಜದಲ್ಲಿ ಹೆಣ್ಣುಗಳೇ ಹೆಣ್ಣುಮರಿಗಳನ್ನು ಹಾಕುತ್ತವೆ, ಗಂಡಿನ ಹಂಗಿಲ್ಲ. ಆದ್ದರಿಂದ ಪ್ರತಿ ಪೀಳಿಗೆಯೂ ಹಿಂದಿನದರ ಪಡಿಯಚ್ಚು. ಮೂತಿಹುಳುವಿನಲ್ಲಿ ಗಂಡು ಹೆಣ್ಣು ಕೂಡಿ ಪ್ರತಿ ಪೀಳಿಗೆಯೂ ಹೊಸ ಬೆರಕೆ. ಓಟದಲ್ಲಿ ಬೆರಕೆ ಗೆದ್ದಿತು. ಜೈವಿಕ ನಿಯಂತ್ರಣವನ್ನು ಕೀಟ ಹೀಗೆ ವಿಕಾಸದ ದಾರಿಯಲ್ಲಿ ಮೀರಿದ್ದಕ್ಕೆ ಇದು ಅಪರೂಪದ ಉದಾಹರಣೆಯೆಂದು 2017ರಲ್ಲಿ ಸಂಶೋಧಕರು ದಾಖಲಿಸಿದರು. ಕ್ಲೋವರಿನ ಪಾಡೂ ಇಂಥದ್ದೇ. ಅದರ ಬೇರುಗಂಟು ತಿನ್ನುವ ಬೇರೊಂದು ಮೂತಿಹುಳು 1996ರಲ್ಲಿ ವೈಕಾಟೊದಲ್ಲಿ ಕಾಣಿಸಿಕೊಂಡಿತು. 2006ರಲ್ಲಿ ಐರ್ಲೆಂಡಿನಿಂದ ಅದಕ್ಕೂ ಒಂದು ಕಣಜ ಬಂತು, ಅದು ಸದ್ಯಕ್ಕೆ ಗೆಲ್ಲುತ್ತಿದೆ. ಕ್ಲೋವರ್ ಸೊರಗಿದಲ್ಲಿ ರೈತ ಯೂರಿಯಾ ಚೀಲ ಬಿಚ್ಚಿದ. ಹೊಳೆ, ಬಾವಿಗಳಿಗೆ ನೈಟ್ರೇಟ್ ಇಳಿಯಿತೆಂದು ಗಲಾಟೆಯಾಗಿ, 2021ರಿಂದ ಹೆಕ್ಟೇರಿಗೆ ವರ್ಷಕ್ಕೆ 190 ಕಿಲೋ ರಾಸಾಯನಿಕ ಸಾರಜನಕದ ಮಿತಿ ಬಂದಿದೆ.

ಹುಲ್ಲು ಬಿಟ್ಟುಕೊಟ್ಟ ಜಾಗ ಖಾಲಿ ಇರುವುದಿಲ್ಲ. ಬಂದು ಕೂತವರು ಯಾರೆಂದು ನೋಡಿದರೆ ನಮಗೆ ಪರಿಚಯದ ಮುಖಗಳೇ. ವೈಕಾಟೊ ರೈತರ ನಿದ್ದೆಗೆಡಿಸಿರುವ ಹಳದಿ ಕುಚ್ಚಿನ ಕಳೆ ನಮ್ಮ ನವಣೆಯ ಕುಲದ್ದು. ಅದರ ತೆನೆಯ ಮುಳ್ಳುಗೂದಲು ಹಸುವಿನ ಬಾಯಲ್ಲಿ ಹುಣ್ಣು ಮಾಡುವುದರಿಂದ ದನ ಅದನ್ನು ಬಿಟ್ಟು ಪಕ್ಕದ ರೈಗ್ರಾಸನ್ನೇ ಮತ್ತೆ ಮತ್ತೆ ಕಚ್ಚುತ್ತದೆ, ಕಳೆಗೆ ಇನ್ನಷ್ಟು ಅನುಕೂಲ. ಉತ್ತರದ ತುದಿಯ ನಾರ್ತ್‌ಲೆಂಡನ್ನು ಆಳುತ್ತಿರುವುದು ಕಿಕುಯು ಹುಲ್ಲು. ಪೂರ್ವ ಆಫ್ರಿಕಾದ ಎತ್ತರದ ನೆಲದ್ದು, ಕೀನ್ಯಾದ ಕಿಕುಯು ಜನರ ಹೆಸರು ಹೊತ್ತದ್ದು, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಸಜ್ಜೆಗೆ ಹತ್ತಿರದ ನೆಂಟ. ಊಟಿಗೆ ಹೋದವರು ನೀಲಗಿರಿಯ ಇಳಿಜಾರುಗಳಲ್ಲಿ ಮೆತ್ತೆಯಂತೆ ಹಾಸಿಕೊಂಡ ಇದೇ ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿರುತ್ತಾರೆ. 1920ರ ದಶಕದಲ್ಲಿ ನಾರ್ತ್‌ಲೆಂಡಿಗೆ ಬಂದಾಗ ಇದೊಂದು ವರವೆಂದೇ ಅಂದುಕೊಂಡಿದ್ದರು.

ನವಣೆ, ಸಜ್ಜೆ, ರಾಗಿ, ಜೋಳ, ಕಬ್ಬು ಎಲ್ಲ ಒಂದು ಬಗೆ. ಎಲೆಯೊಳಗೆ ಇಂಗಾಲದ ಡೈ ಆಕ್ಸೈಡನ್ನು ಮೊದಲು ಒತ್ತರಿಸಿ ಆಮೇಲೆ ಬಳಸುವ ಏರ್ಪಾಡು ಅವಕ್ಕಿದೆ, ಹಾಗಾಗಿ ಬಿಸಿಲೇರಿದಷ್ಟೂ ಹುರುಪು, ನೀರೂ ಕಡಿಮೆ ಸಾಕು. ಭತ್ತ, ಗೋಧಿ, ರೈಗ್ರಾಸ್ ಇನ್ನೊಂದು ಬಗೆ, ಆ ಏರ್ಪಾಡು ಇಲ್ಲದವು. ಚಳಿಗಾಲದ ಮಂಜು ಕಿಕುಯುವನ್ನು ಹಿಂದಕ್ಕೆ ತಳ್ಳುತ್ತಿದ್ದ ಕಡೆಗಳಲ್ಲಿ ಈಗ ಮಂಜು ಬೀಳುವ ರಾತ್ರಿಗಳೇ ಕಡಿಮೆಯಾಗಿವೆ. ಕಿಕುಯು ಕೆಟ್ಟ ಹುಲ್ಲೇನಲ್ಲ. ಆದರೆ ಬಲಿತರೆ ನಾರು, ಹೊಟ್ಟೆ ತುಂಬುತ್ತದೆ, ಕೆಚ್ಚಲು ತುಂಬುವುದಿಲ್ಲ. ನ್ಯಾಯವಾಗಿ ಇನ್ನೊಂದು ಮುಖವನ್ನೂ ಹೇಳಬೇಕು. ಚಳಿಗಾಲ ಬೆಚ್ಚಗಾದ್ದರಿಂದ ಜುಲೈ ಆಗಸ್ಟಿನಲ್ಲಿ ರೈಗ್ರಾಸ್ ಮೊದಲಿಗಿಂತ ಚೆನ್ನಾಗಿಯೇ ಬೆಳೆಯುತ್ತದೆ. ದೇಶದ ದಕ್ಷಿಣ ತುದಿಯ ಸೌತ್‌ಲೆಂಡಿನವರಿಗೆ ಈ ಬದಲಾವಣೆಯಿಂದ ಲಾಭವೇ. 1990ರ ದಶಕದಿಂದೀಚೆಗೆ ಹೈನುಗಾರಿಕೆ ದಕ್ಷಿಣ ದ್ವೀಪಕ್ಕೆ, ಕ್ಯಾಂಟರ್‌ಬರಿಯ ನೀರಾವರಿ ಬಯಲಿಗೆ ಸರಿದಿದೆ.

ಹುಲ್ಲು ಕ್ಷೀಣಿಸುವುದರ ಇನ್ನೊಂದು ಫಲ ಹಸುವಿನ ಮುಖದ ಮೇಲೆ ಕಾಣಿಸುತ್ತದೆ. ಬೇಸಿಗೆಯಲ್ಲಿ ಸತ್ತು ಒಣಗಿದ ಎಲೆಗಳ ಮೇಲೆ, ಶರತ್ಕಾಲದ ಬೆಚ್ಚನೆಯ ಸೋನೆ ಬಿದ್ದ ಕೂಡಲೇ ಒಂದು ಬೂಷ್ಟು ಏಳುತ್ತದೆ. ಅದರ ಕಣಗಳಲ್ಲಿ ಇರುವ ವಿಷ ಪಿತ್ತಜನಕಾಂಗವನ್ನು ಕೆಡಿಸಿ, ಬಿಸಿಲು ತಾಗಿದ ಚರ್ಮ ಸುಲಿದು ಹೋಗುವಂತೆ ಮಾಡುತ್ತದೆ. ಮಲೆನಾಡಿನಲ್ಲಿ ಲಂಟಾನದ ಎಲೆ ತಿಂದ ದನದ ಮೂತಿ, ಕಿವಿ ಸುಲಿಯುವುದನ್ನು ನೋಡಿದವರಿಗೆ ಈ ಚಿತ್ರ ಹೊಸದಲ್ಲ, ದಾರಿಯೂ ಹೆಚ್ಚುಕಡಿಮೆ ಅದೇ. 1938ರಲ್ಲಿ ಇದು ಭೀಕರವಾಗಿ ಹಬ್ಬಿತ್ತು. ರುವಾಕುರಾದ ವಿಜ್ಞಾನಿಗಳು ಬೂಷ್ಟನ್ನು ಪತ್ತೆ ಹಚ್ಚಿದ್ದು 1958ರಲ್ಲಿ. ಮದ್ದು ಹೊಳೆದದ್ದು ಮಾತ್ರ ಟೆ ಅರೊಹ ಊರಿನ ಗ್ಲಾಡಿಸ್ ರೀಡ್ ಎಂಬ ರೈತ ಮಹಿಳೆಗೆ. ಆಕೆ ತನ್ನ ದನಗಳಿಗೆ ಸತು ಕುಡಿಸಿ ನೋಡಿ, ಇದರಿಂದ ರೋಗ ತಡೆಯಬಹುದೆಂದು ವಾದಿಸಿದಳು. ತಜ್ಞರು ವರ್ಷಗಟ್ಟಲೆ ಕಿವಿಗೆ ಹಾಕಿಕೊಳ್ಳಲಿಲ್ಲ. 1970ರ ದಶಕದಲ್ಲಿ ಪರೀಕ್ಷೆ ನಡೆಸಿದಾಗ ಆಕೆಯ ಮಾತು ದಿಟವಾಯಿತು. ಇಂದು ಆ ಸೀಮೆಯಲ್ಲಿ ಸತುವಿಲ್ಲದೆ ಶರತ್ಕಾಲ ದಾಟುವ ಹೈನು ಮಂದೆ ಅಪರೂಪ. ಬೂಷ್ಟು ಏಳಲು ಬೇಕಾದ ಬೆಚ್ಚನೆಯ ರಾತ್ರಿಗಳು ದಕ್ಷಿಣಕ್ಕೂ ಇಳಿಯುತ್ತಿರುವುದರಿಂದ ಹಿಂದೆ ಈ ರೋಗದ ಹೆಸರು ಕೇಳದ ಊರುಗಳೂ ಈಗ ಎಚ್ಚರ ವಹಿಸಬೇಕಾಗಿದೆ.

ಹವಾಮಾನದ ಮೇಲೆ ಎಲ್ಲ ಹೊರೆಯನ್ನೂ ಹೊರಿಸಿ ಕೈ ತೊಳೆದುಕೊಳ್ಳುವುದು ಸುಲಭ. ಹಳೆಯ ಹುಲ್ಲು ನಲವತ್ತು ವರ್ಷ ನಿಂತ ಕಾಲದಲ್ಲಿ ಎಕರೆಗೆ ಅಷ್ಟು ದನವಿರಲಿಲ್ಲ, ದನದ ತೂಕವೂ ಅಷ್ಟಿರಲಿಲ್ಲ, ಚಳಿಗಾಲದ ಕೆಸರಿನಲ್ಲಿ ಅಷ್ಟು ಗೊರಸು ಊರುತ್ತಿರಲಿಲ್ಲ. ಅಜ್ಜನ ಹುಲ್ಲಿನಲ್ಲಿ ಎಷ್ಟು ಪಾಲು ನಿಜವಾದ ರೈಗ್ರಾಸ್ ಇತ್ತೆಂದು ಯಾರೂ ಎಣಿಸಿರಲೂ ಇಲ್ಲ. ಹಸಿರಾಗಿದ್ದುದೆಲ್ಲ ಹುಲ್ಲು. ಬರದಲ್ಲಿ ಮೇವು ಸಾಲದೆ ಬಂದಾಗ ಹಿಂದಿನವರು ಹಸುಗಳನ್ನು ಬೇಗ ಬತ್ತಿಸಿ ಹುಲ್ಲಿಗೆ ಬಿಡುವು ಕೊಡುತ್ತಿದ್ದರು. ಈ ಶತಮಾನದಲ್ಲಿ ಮಲೇಷ್ಯಾ, ಇಂಡೋನೇಷ್ಯಾಗಳಿಂದ ತಾಳೆಬೀಜದ ಹಿಂಡಿ ಬರತೊಡಗಿದ ಮೇಲೆ ಆ ಬಿಡುವೂ ತಪ್ಪಿತು. ಒಂದು ಹಂತದಲ್ಲಿ ಅದರ ಆಮದು ವರ್ಷಕ್ಕೆ 20 ಲಕ್ಷ ಟನ್ ದಾಟಿತ್ತು. ಹಿಂಡಿ ತಿಂದ ಹಸು ಹಾಲು ಕೊಡುತ್ತಲೇ ಹೋಗುತ್ತದೆ, ಹೊಲದಲ್ಲೇ ನಿಂತು ಉಳಿದ ಕೂಳೆಯನ್ನೂ ಕೆರೆಯುತ್ತದೆ.

ನಾರ್ತ್‌ಲೆಂಡಿನವರು ಈ ಜಗಳದಿಂದ ಮೊದಲೇ ಹೊರಗೆ ಬಂದವರು. ಅವರು ಕಿಕುಯುವನ್ನು ಕೀಳುವ ಆಸೆ ಬಿಟ್ಟು ಬಹಳ ವರ್ಷವಾಯಿತು. ಬೇಸಿಗೆ ಕಿಕುಯುವಿನ ಪಾಲಿಗೆ. ಶರತ್ಕಾಲ ಬಂದಾಗ ಹಸುಗಳಿಂದ ಚೆನ್ನಾಗಿ ಮೇಯಿಸಿ, ಉಳಿದ ಜಡೆಯನ್ನು ಯಂತ್ರದಿಂದ ನೆಲಮಟ್ಟಕ್ಕೆ ಕೊಚ್ಚಿ, ಅದರ ಮೇಲೆ ಅಲ್ಪಾಯುಷಿಯಾದ ಇಟಾಲಿಯನ್ ರೈಗ್ರಾಸ್ ಬಿತ್ತುತ್ತಾರೆ. ಚಳಿಗಾಲ, ವಸಂತಕ್ಕೆ ಅದು ಹಾಲು ಕೊಟ್ಟು ಹೋಗುತ್ತದೆ, ಬೇಸಿಗೆಗೆ ಕೆಳಗಿನ ಕಿಕುಯು ಮತ್ತೆ ಏಳುತ್ತದೆ. ಖಾಯಂ ಹುಲ್ಲುಗಾವಲಿನ ದೇಶದಲ್ಲಿ ಇದು ರಾಗಿ ಹೊಲದಂತೆ ವರ್ಷವರ್ಷದ ಬಿತ್ತನೆ. ವೈಕಾಟೊದವರು ಇನ್ನೂ ಅಷ್ಟು ದೂರ ಹೋಗಿಲ್ಲ. ಆಳಕ್ಕೆ ಬೇರಿಳಿಸುವ ಚಿಕೋರಿ, ಪ್ಲಾಂಟೇನ್, ಎತ್ತರದ ಫೆಸ್ಕ್ಯೂ ಬೆರೆಸಿ ನೋಡುತ್ತಾರೆ. ಆದರೂ ಹೆಚ್ಚಿನ ಎಕರೆಗಳಿಗೆ ಬೀಳುವುದು ರೈಗ್ರಾಸೇ. ಬೀಜದ ಜೊತೆ ಅದರೊಳಗಿನ ಶಿಲೀಂಧ್ರವೂ ಜೀವಂತ ಇರಬೇಕಾದ್ದರಿಂದ ಚೀಲಗಳನ್ನು ತಂಪು ಗೋದಾಮಿನಲ್ಲಿ ಇಡುತ್ತಾರೆ. ಬೆಚ್ಚಗೆ, ತೇವವಾಗಿ ಇಟ್ಟರೆ ಬೀಜ ಮೊಳೆಯುವ ಶಕ್ತಿ ಕಳೆದುಕೊಳ್ಳುವ ಮೊದಲೇ ಶಿಲೀಂಧ್ರ ಸತ್ತಿರುತ್ತದೆ. ಮಾರ್ಚ್ ತಿಂಗಳಲ್ಲಿ ಬಿತ್ತನೆಗೆಂದು ಅಂಗಡಿಗೆ ಬರುವ ರೈತ ಚೀಲದ ಮೇಲೆ ಬೀಜದ ಹೆಸರನ್ನೂ ಅದರೊಳಗಿನ ಶಿಲೀಂಧ್ರದ ಹೆಸರನ್ನೂ ಓದಿಕೊಂಡು, ಅದು ಇನ್ನೂ ಬದುಕಿದೆಯೇ ಎಂದು ವಿಚಾರಿಸಿ, ಆಮೇಲೆ ಬೆಲೆ ಕೇಳುತ್ತಾನೆ.